ಬ್ಯಾರಿಕೇಡ್ ಕೇಸಿನ್ಯಾಗ ನಮ್ಮ ಆಯಿ

ನಾ ಸುಮ್ನ ಕುಂತ್ರೂ ಏನರ ಒಂದು ಆಗತೈತಿ. ಈ ವರ್ಷ ಅಂತೂ ಅದು ಮತ್ತ ಕೋರ್ಟಿನ ತನಕಾ ಹೋತು. ವಯಸ್ಸು ಹತ್ತೊಂಬತ್ತು, ಸಾಲಿ ಹತ್ತನೇ ಕ್ಲಾಸಿಗೇ ಬಿಟ್ಟದ್ದು, ಕೇಸು ಎರಡು.

೧. ಎಮ್ಮಿ

ಉಣಕಲ್ ಕೆರಿ ಬಾಜೂಕ ನಮ್ಮ ಕ್ರಿಕೆಟ್. ಬ್ಯಾಟ್ ಎತ್ತಿದ್ರ ಸಾಕು, ಯಾರದೋ ಎಮ್ಮಿ ಬಂದು ಪಿಚ್ ಮ್ಯಾಲೆ ನಿಂದ್ರತಿತ್ತು. ರಸ್ತಾದಾಗ ಪೊಲೀಸರ ಬ್ಯಾರಿಕೇಡ್ ಒಂದು ಸುಮ್ನ ನಿಂತಿತ್ತು. ದೂಡಕೊಂಡು ಬಂದು ಅಡ್ಡ ಇಟ್ಟೆ. ಹಿಂದಿಂದನ ಹವಾಲ್ದಾರ ಬಂದ್ರು. ನೋಡಿದ್ರ, ಎಮ್ಮಿ ಬ್ಯಾರಿಕೇಡಿನ ಆಚೆ ಶಾಂತ ನಿಂತೈತಿ.

"ನೋಡಲೇ, ಎಮ್ಮಿಗೆ ಕಾಯ್ದೆ ತಿಳಿತೈತಿ, ನಿನಗ ತಿಳಿಯಂಗಿಲ್ಲ!" ಅಂದು ಕಳುವಿನ ಕೇಸು ಜಡದ್ರು.

೨. ವಕೀಲ್ರು

ದೇಶಪಾಂಡೆ ನಗರದ ವಕೀಲ್ರು ಕೇಳಿದ್ರು, "ಹಿಂದ ಏನರ ಶಿಕ್ಷಾ ಆಗೇತೇನ?"

"ಇಲ್ರಿ. ಹ್ವಾದ ವರ್ಷ ಗಾಡಿ ಸೈಲೆನ್ಸರ್ ಡಬಡಬ ಅನಸಿದ್ದಕ್ಕ ಕೋರ್ಟಿನ್ಯಾಗ ದಂಡ ತುಂಬೇನ್ರಿ, ಅಷ್ಟ."

"ಅದೂ ಶಿಕ್ಷಾನ ಲೇ!"

"ದಂಡ ತುಂಬಿದ್ರ ಮುಗೀತಲ್ರಿ?"

"ಸಾಲ್ಯಾಗ ಫೇಲಾದ್ದು ಮಾರ್ಕ್ಸ್ ಕಾರ್ಡಿನ್ಯಾಗ ಉಳೀತೋ ಇಲ್ಲೋ?"

ಅದು ಮಾತ್ರ ನನಗ ಲಗೂ ತಿಳೀತು.

"ಮದಲನೇ ತಪ್ಪು ಅಂದ್ರ ಜಡ್ಜ್ ಸಾಹೇಬ್ರು ಬುದ್ಧಿ ಹೇಳಿ ಬಿಡಬಹುದು. ಹಳೇದು ಗೊತ್ತಾದ್ರ ಜೈಲೂ ಆಗಬಹುದು. ಪೊಲೀಸ್ರ ಕಾಗದದಾಗ ಹಳೇದು ಬಂದಿಲ್ಲ. ಸಾಹೇಬ್ರು ಕೇಳಲಾರದ ನೀ ಹೇಳಬ್ಯಾಡ."

ಬಾಯಿಗೆ ಬೀಗ ಹಾಕ್ಕೊಂಡೆ. ಆದ್ರ ಬೀಗ ಹಾಕಬೇಕಾದ ಬಾಯಿ ನಂದಾಗಿರಲಿಲ್ಲ.

೩. ಆಯಿ

ತಪ್ಪು ಒಪ್ಪಕೊಂಡೆ. ಶಿಕ್ಷಾದ ಬಗ್ಗೆ ಏನರ ಹೇಳೂದೈತೇನು ಅಂತ ಸಾಹೇಬ್ರು ಕೇಳಿದ್ರು. ನಮ್ಮ ವಕೀಲ್ರು ಏಳೂದ್ರಾಗ ಹಿಂದ ಕುಂತಿದ್ದ ಆಯಿ, ನಮ್ಮಪ್ಪನ ಅವ್ವ, ಎದ್ದು ಕೈ ಮುಗದ್ಲು.

"ಛಲೋ ಹುಡುಗ ಅದಾನ್ರಿ ಸಾಹೇಬ್ರ. ಹ್ವಾದ ವರ್ಷ ಇದ ಕೋರ್ಟಿನ್ಯಾಗ ದಂಡ ಹಾಕಿದ್ರಲ್ರಿ, ಎದುರ ಮಾತಾಡಲಾರದ ತುಂಬಿ ಬಂದ!"

ವಕೀಲ್ರು ಹಣಿ ಹಿಡಕೊಂಡ್ರು. ನನ್ನ ಕಣ್ಣಿಗೆ ಜೈಲಿನ ಬಾಗಲಾ ಕಂಡತು.

"ಮತ್ತೇನಾದ್ರೂ ಇದೆಯೇನಮ್ಮ?" ಸಾಹೇಬ್ರು ಕೇಳಿದ್ರು.

"ಕೋರ್ಟಿಗೆ ಬಂದದ್ದು ಅಷ್ಟ ರೀ. ಸಿಕ್ಕೊಳ್ಳಲಾರದ್ದೂ ಹೇಳ್ಲೇನ್ರಿ?"

ಸರಕಾರಿ ವಕೀಲ್ರೂ ನಕ್ಕಬಿಟ್ರು. ಸಾಹೇಬ್ರು ನಗಿ ತಡಕೊಂಡು, "ಹಳೇ ಶಿಕ್ಷೆ ಇದೆ, ಬರೀ ಬುದ್ಧಿ ಹೇಳಿ ಬಿಡೋಕಾಗಲ್ಲ. ಆದ್ರೆ ವಯಸ್ಸು ಚಿಕ್ಕದು, ಜೈಲು ಬೇಡ. ಒಂದು ವರ್ಷ ಸರಿಯಾಗಿರ್ತೀನಿ ಅಂತ ಮುಚ್ಚಳಿಕೆ ಬರೆದುಕೊಡಲಿ. ಅಜ್ಜಿ, ನೀವು ಜಾಮೀನು ನಿಲ್ತೀರಾ?" ಅಂದ್ರು.

ಉಳಕೊಂಡೆ ಅಂತ ನಾ ಉಸರ ಬಿಡೂದ್ರಾಗ ಆಯಿ ನನ್ನ ಮೋತಿ ಒಂದ ಸಲಾ ದಿಟ್ಟಿಸಿ ನೋಡಿದ್ಲು.

"ವರ್ಷದ್ದು ಆಗಂಗಿಲ್ರಿ ಸಾಹೇಬ್ರ. ಐತವಾರದ ತನಕಾ ಅಂತ ಬರಕೋರಿ, ಸೈ ಮಾಡತೇನಿ."