ವಾಪಸ್ ಬರದ ಪತ್ರ

ಕೂತಲ್ಲಿ ಕೂರಲಾರದ ಮನುಷ್ಯನಿಗೆ ಇಂಥ ಪೇಚುಗಳೇ ಬೆನ್ನು ಹತ್ತುತ್ತವೆ. ಬೀದರಿನ ಒಂದು ಶಿಕ್ಷಣ ಸಂಸ್ಥೆಯಲ್ಲಿ ನಾನು ತಾತ್ಕಾಲಿಕ ಕಂಪ್ಯೂಟರ್ ಆಪರೇಟರ್. ನೌಕರಿ ಕಾಯಂ ಆಗುವ ಆದೇಶ ಈ ತಿಂಗಳು ಇಮೇಲಿಗೆ ಬರುತ್ತದೆ ಎಂದಿದ್ದರು. ಅಂದಿನಿಂದ ಗಳಿಗೆಗೊಮ್ಮೆ ಮೊಬೈಲ್ ನೋಡುವುದೇ ನನ್ನ ಕೆಲಸ. ಅದರ ನಡುವೆ ಸಂಸ್ಥೆಯ ಮೂರು ಊರಿನ ಕಚೇರಿಗಳಿಗೆ ಹೊಸ ಇಮೇಲ್ ಹೊಂದಿಸಬೇಕಿತ್ತು. ಪತ್ರ ಯಾರ ಹೆಸರಿನಲ್ಲಿ ಹೋಗಬೇಕು, ಮುಟ್ಟದಿದ್ದರೆ ಯಾವ ವಿಳಾಸಕ್ಕೆ ವಾಪಸ್ ಬರಬೇಕು, ಇವೆರಡನ್ನು ತುಂಬಿದರೆ ಮುಗಿಯಿತು.

ಬೀದರ್

ವಾಪಸ್ ವಿಳಾಸ ಕೇಳಿದ್ದಕ್ಕೆ ಹೆಡ್ ಕ್ಲರ್ಕ್ ಸಾಹೇಬರು ಸಿಟ್ಟಿಗೆದ್ದರು.

"ನಮ್ಮ ಪತ್ರ ವಾಪಸ್ ಬಂದ್ರ ಸಂಸ್ಥೆ ಇಜ್ಜತ್ ಏನ್ ಉಳೀತೋ? ಮೂವತ್ತು ವರ್ಷದಾಗ ನಾ ಕಳಿಸಿದ್ದು ಒಂದೂ ವಾಪಸ್ ಬಂದಿಲ್ಲ. ಖಾಲಿ ಬಿಡು."

ಖಾಲಿ ಬಿಟ್ಟರೆ ಕಂಪ್ಯೂಟರ್ ಒಪ್ಪುವುದಿಲ್ಲ. ಅವರಿಗೆ ಹೇಳದೆ ನನ್ನದೇ ವಿಳಾಸ ಹಾಕಿಬಿಟ್ಟೆ. ಅವರ ಇಜ್ಜತ್ ಉಳಿಯಿತು.

ಭಾಲ್ಕಿ

ಅಲ್ಲಿನ ಕ್ಲರ್ಕು ವಾಪಸ್ ವಿಳಾಸಕ್ಕೆ ತಮ್ಮದನ್ನೇ ಸಂತೋಷದಿಂದ ಕೊಟ್ಟರು. ಮರುದಿನವೇ ಒಂದು ಪತ್ರ, ಮುಟ್ಟಲಿಲ್ಲ ಎಂಬ ಮಷೀನಿನ ಚೀಟಿಯೊಂದಿಗೆ, ವಾಪಸ್ ಬಂತು. ಅವರು ಅದನ್ನು ಬಂದ ಪತ್ರಗಳ ಆವಕ ರಿಜಿಸ್ಟರಿಗೆ ಏರಿಸಿ, ನಂಬರು ಕೊಟ್ಟು, "ಮಾನ್ಯರೇ, ತಮ್ಮ ಪತ್ರ ತಲುಪಿದೆ" ಎಂದು ಆ ಚೀಟಿಗೇ ಉತ್ತರ ಬರೆದರು. ಅದೂ ವಾಪಸ್ ಬಂತು. ಮತ್ತೆ ನಂಬರು, ಮತ್ತೆ ಉತ್ತರ. ಕಚೇರಿಯ ಪದ್ಧತಿಯಂತೆ ಪ್ರತಿ ಉತ್ತರದ ಜೊತೆ ರಿಜಿಸ್ಟರಿನ ಸ್ಕ್ಯಾನ್ ಇಟ್ಟು, ಮಾಹಿತಿಗಾಗಿ ನನಗೂ ಒಂದು ಪ್ರತಿ. ಮೊಬೈಲ್ ಟಣ್ ಎಂದಾಗಲೆಲ್ಲ ಆದೇಶ ಬಂತೆಂದು ತೆರೆದು ನೋಡಿದರೆ ಭಾಲ್ಕಿ.

ತಾಳಲಾರದೆ ಫೋನ್ ಮಾಡಿ, "ಅದು ಮಷೀನ್ ಅದರಿ, ಮನುಷ್ಯ ಅಲ್ಲ" ಎಂದೆ.

"ಇರ್ಲಿ ಬಿಡ್ರಿ. ಬರೆದ ನಿಮಿಷದಾಗ ಉತ್ತರ ಕೊಡ್ತದ. ನಮ್ಮ ಸಂಸ್ಥಾದಾಗ ಹಿಂಗ ಯಾರು ಕೊಡ್ತಾರ ಹೇಳ್ರಿ?"

ಆಮೇಲೆ ಒಂದು ವಾರ ಮೊಬೈಲ್ ಸದ್ದಿಲ್ಲ. ಅಂತೂ ಆ ಕ್ಲರ್ಕಿಗೆ ಬುದ್ಧಿ ಬಂತು ಅಂದುಕೊಂಡೆ.

ಔರಾದ್

ಇಲ್ಲಿ ಕಳಿಸುವವರ ಹೆಸರಿಗೆ ಮುಖ್ಯೋಪಾಧ್ಯಾಯಿನಿ ಮೇಡಮ್ಮರ ಹೆಸರು ಹಾಕಿ, ಪರೀಕ್ಷೆಗೆಂದು ಬೀದರಿಗೆ ಒಂದು ಪತ್ರ ಬಿಟ್ಟು, ಹೆಡ್ ಕ್ಲರ್ಕಿಗೆ ಫೋನ್ ಹಚ್ಚಿದೆ.

"ಅದು ಮುಟ್ಯದ. ನಿನ್ನ ಒಪ್ಪಿಗಿ ಎಲ್ಲಿ? ಕಾಯಂ ಆದೇಶ ಕಳಿಸಿ ವಾರ ಆಯ್ತು. ಇವತ್ತ ಐದಕ್ಕ ಕಡೀ ಟೈಮ್!"

ಫೋನ್ ಕಿವಿಗಿಟ್ಟುಕೊಂಡೇ ಎದುರಿನ ಕಂಪ್ಯೂಟರಿನಲ್ಲಿ ನನ್ನ ಇಮೇಲ್ ತೆರೆದೆ. ಭಾಲ್ಕಿಯ ರಿಜಿಸ್ಟರುಗಳಿಂದ ನನ್ನ ಇಮೇಲ್ ಪೆಟ್ಟಿಗೆ ತುಂಬಿಹೋಗಿತ್ತು! ಆದೇಶ ಒಳಗೆ ಬರಲಾಗದೆ ವಾಪಸ್ ಹೋಗಬೇಕು, ಆದರೆ ಬೀದರಿನ ವಾಪಸ್ ವಿಳಾಸವೂ ನನ್ನದೇ, ಅದೇ ತುಂಬಿದ ಪೆಟ್ಟಿಗೆ.

"ನನಗ ಮುಟ್ಟಿಲ್ಲರಿ ಸಾಹೇಬ್ರ!"

"ಮುಟ್ಟದಿದ್ರ ವಾಪಸ್ ಬರ್ತಿದ್ದಿಲ್ಲೇನು? ನನ್ನ ಪತ್ರ ವಾಪಸ್ ಬರಂಗಿಲ್ಲಂತ ಅವತ್ತೇ ಹೇಳೀನಿ!"

ನಾಲ್ಕೂಮುಕ್ಕಾಲು. ತುಂಬಿದ ನನ್ನ ಪೆಟ್ಟಿಗೆಯಿಂದ ಪತ್ರ ಹೊರಡದು. ಮೇಡಮ್ಮರ ಕುರ್ಚಿಯಲ್ಲೇ ಕೂತು, ಅಲ್ಲಿ ತೆರೆದಿದ್ದ ಔರಾದಿನ ಇಮೇಲಿನಲ್ಲೇ "ಆದೇಶಕ್ಕೆ ನನ್ನ ಸಂಪೂರ್ಣ ಒಪ್ಪಿಗೆ ಇದೆ" ಎಂದು ಟೈಪಿಸಿ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು.

"ಒಪ್ಪಿಗಿ ಟೈಮಿಗಿ ಬಂತೋ. ಖರೆ, ಮೇಡಂ ಹೆಸರಿನ್ಯಾಗ ಬಂದದ. ನೀ ನಾಳಿ ಬಂದು ಕಾಗದದ ಮ್ಯಾಲ ಸಹಿ ಮಾಡು. ಬರೂ ಮುಂದ ಅವರಿಗಿ ಒಂದ್ ಮಾತ್ ಕೇಳ್ಕೊಂಡ್ ಬಾ, ಹೆಡ್ ಮೇಡಂ ಕೆಲಸ ಬಿಟ್ಟು ಆಪರೇಟರ್ ಆಗ್ಲಿಕ್ಕಿ ಯಾವತ್ತ ಹಾಜರ್ ಆಗ್ತಾರಂತ."