ನೀಲಿ ಹೆಚ್ಚಾದ ಸುಣ್ಣ

ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುವುದು ಗೋಡೆ ಇನ್ನಷ್ಟು ಬೆಳ್ಳಗೆ ಕಾಣಲಿ ಅಂತ. ಮೂಗೂರಿನ ಚಿಕ್ಕಸ್ವಾಮಿ ಬೆರೆಸಿಟ್ಟು ಕುಂಚ ಹುಡುಕಲು ಒಳಗೆ ಹೋದ. ಗಂಡ ಮರೆತಿರುತ್ತಾನೆಂದು ಹೆಂಡತಿ ಮುದ್ದಮ್ಮ ಇನ್ನೊಂದು ಪೊಟ್ಟಣವನ್ನೇ ಸುರಿದಳು. ಅವನೋ, "ಒಣಗುದ್ರೆ ಬೆಳ್ಳಗಾಯ್ತದೆ" ಎಂದುಕೊಂಡೇ ಬೀದಿ ಗೋಡೆಯನ್ನೆಲ್ಲ ಬಳಿದು ಮುಗಿಸಿದ. ಗೋಡೆ ಒಣಗಿತು. ಬೆಳ್ಳಗಾಗಲಿಲ್ಲ. ಅಪ್ಪಟ ಆಕಾಶ!

ಅವತ್ತೇ ಸಂಜೆ ಕವಲಂದೆಯಿಂದ ಮಗಳು ಶಾಲಿನಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಸರ್ಕಾರಿ ನೌಕರಿಯ ಹುಡುಗ. ಇಂಥ ಸಂಬಂಧ ಮತ್ತೆ ಸಿಕ್ಕೀತೇ?

ಪಕ್ಕದ ಮನೆಯ ದಾಯಾದಿ ದೇವರಾಜು ಹೊತ್ತೇರಿದ ಮೇಲೆ ಎದ್ದು ಹಲ್ಲುಜ್ಜುತ್ತಾ ಬಂದವನು ಬಾಯಿ ಮುಚ್ಚುವುದನ್ನೇ ಮರೆತ.

"ಅಯ್ಯಯ್ಯಪ್ಪೋ! ಏನ್ಲಾ ಚಿಕ್ಕ ಇದು? ಅಂಬೇಡ್ಕರ್ ಸಂಘದೋರ ಬಾವುಟದ ಬಣ್ಣ! ಗಂಡಿನೋರು ನೋಡುದ್ರೆ ಬಂದ ದಾರೀಲೇ ವಾಪಸ್ ಓಯ್ತಾರೆ ಕಣ್ಲಾ!"

ಚಿಕ್ಕಸ್ವಾಮಿ ಗೋಡೆಯನ್ನು ಅಂಗೈಯಿಂದ ಉಜ್ಜಿ ನೋಡಿದ. ಅಷ್ಟರಲ್ಲಿ ಸೈಕಲ್ಲಿನಲ್ಲಿ ಬಂದ ಸಿದ್ಧಾರ್ಥ ಮೇಷ್ಟ್ರು ಇಳಿದರು.

"ಅದು ಆಕಾಶದ ಬಣ್ಣ ಕಣ್ರೀ. ಆಕಾಶದ ಕೆಳಗೆ ಮೇಲು ಕೀಳು ಇಲ್ಲ ಅಂತ ಬಾವುಟಕ್ಕೆ ಹಾಕಿದ್ದು."

"ಹಂಗಾರೆ ಆಕಾಶಕ್ಕೆ ಬಳ್ದೋರ್ಯಾರು ಸಾ?" ಎಂದ ಚಿಕ್ಕಸ್ವಾಮಿ.

"ಯಾರೂ ಬಳಿದಿಲ್ಲ. ಬಿಸಿಲಲ್ಲಿ ಎಲ್ಲಾ ಬಣ್ಣನೂ ಸೇರಿರ್ತವೆ. ಗಾಳಿ ನೀಲಿನ ಜಾಸ್ತಿ ಚೆದುರಿಸುತ್ತೆ, ಅದಕ್ಕೇ ಎತ್ತ ನೋಡಿದ್ರೂ ನೀಲಿ. ಸಂಜೆ ಬಿಸಿಲು ದೂರದಿಂದ ಬರೋ ಹೊತ್ತಿಗೆ ನೀಲಿ ದಾರೀಲೇ ಚೆದುರೋಗಿ ಕೆಂಪು ಉಳಿಯುತ್ತೆ."

ಚಿಕ್ಕಸ್ವಾಮಿ ದಂಗಾದ. "ಅಂದ್ರೆ ಮ್ಯಾಲೆ ಬಣ್ಣನೇ ಇಲ್ವಾ? ಇಲ್ದೆ ಇರೋ ಬಣ್ಣಕ್ಕೆ ನನ್ನ ಮಗಳ ಮದ್ವೆ ಮುರೀಬೇಕಾ!"

"ಮುರಿಯಲ್ಲ, ಹಂಗೇ ಬಿಡಿ. ಚೆನ್ನಾಗದೆ," ಎಂದು ಮೇಷ್ಟ್ರು ಸೈಕಲ್ ಹತ್ತಿದರು.

"ಅವರ ಮಾತು ಕೇಳುದ್ರೆ ಕೆಟ್ಟೆ," ಎಂದ ದೇವರಾಜು. "ಬೆಳ್ಳಗೆ ಬಳ್ದಾಕು. ಉಳಿದ ನೀಲಿ ಸುಣ್ಣ ಚೆಲ್ಬ್ಯಾಡ, ಇತ್ಲಾಗ್ ಕೊಡು. ನಮ್ಮ ಕೊಟ್ಟಿಗೆಗಾಯ್ತದೆ. ದನಕ್ಕೆ ಯಾವ ಬಣ್ಣ ಆದ್ರೇನು?" ಬಿಟ್ಟಿ ಸುಣ್ಣವನ್ನು ಬಕೆಟ್ ಸಮೇತ ಎತ್ತಿಕೊಂಡು ಹೋದ. ಕೊಟ್ಟಿಗೆ ಇದ್ದದ್ದು ಅವನ ಮನೆಯ ಮುಂದೆಯೇ, ಬೀದಿಗೆ ಎದ್ದು ಕಾಣುವಂತೆ.

ಚಿಕ್ಕಸ್ವಾಮಿ ಮಧ್ಯಾಹ್ನದ ಊಟವನ್ನೂ ಬಿಟ್ಟು ಒಂದರ ಮೇಲೊಂದು ಬಿಳಿ ಬಳಿದ. ಕೊನೆಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಜಗಲಿಯ ಮೇಲೆ ಕೂತ. ಒಳಗೆ ಕೇಸರಿಬಾತು ಆರಿತು. ಗಂಡಿನವರ ಸುಳಿವಿಲ್ಲ. ದೇವರಾಜುವಿನ ಮನೆಯಲ್ಲಿ ಮಾತ್ರ ನಗುವೋ ನಗು.

ಹೊತ್ತು ಮುಳುಗುವಾಗ ದೇವರಾಜು ಎಲೆ ಅಡಿಕೆ ಹಿಡಿದು ಬಂದ.

"ಬೇಜಾರ್ ಮಾಡ್ಕೊಬ್ಯಾಡ ಕಣ್ಲಾ. ನನ್ನ ಮಗಳು ಮಧುಶ್ರೀಗೆ ಗಂಡು ಗೊತ್ತಾಯ್ತು."

"ಯಾವೂರು?"

"ಕವಲಂದೆ."

ಮುದ್ದಮ್ಮನ ಕೈಯಿಂದ ತಟ್ಟೆ ಬಿತ್ತು.

"ಬಸ್‌ಸ್ಟ್ಯಾಂಡಲ್ಲಿ ಮೇಷ್ಟ್ರು 'ನೀಲಿ ಬಳಿದಿರೋ ಮನೆ, ಬೀದೀಲಿ ಒಂದೇ' ಅಂತ ಗುರುತು ಹೇಳಿದ್ರಂತೆ. ನೀನು ಸ್ನಾನಕ್ಕೋಗಿದ್ದಾಗ ನೆಟ್ಟಗೆ ನಮ್ಮನೆಗೇ ನುಗ್ಗುದ್ರು. ಬಂದೋರ್ಗೆ ಕಾಪಿ ಕೊಡ್ದೆ ಇರಕಾಯ್ತದಾ? ತಂದ್ಕೊಟ್ಟೋಳು ಮಧುಶ್ರೀ. ಹುಡುಗ ಒಪ್ಪೇಬುಟ್ಟ. ಆಮೇಲೆ ನಿನ್ನ ಮನೆ ಪಕ್ಕದ್ದು ಅಂದೆ. ಗಂಡಿನಪ್ಪ ಬಾಗ್ಲಿಂದ್ಲೇ ಇಣುಕಿ ಎರಡೂ ಗೋಡೆ ನೋಡ್ದ. 'ಜನಕ್ಕೆ ಎದರದೆ ನೀಲಿ ಬಳ್ದವ್ರೆ ಅಂದ್ರೆ ಮನಸ್ಸು ಆಕಾಶದಷ್ಟು ದೊಡ್ಡದು, ಹೆಣ್ಣು ಇಲ್ಲಿಂದ್ಲೇ ತರದು' ಅಂದ್ಬುಟ್ಟ!"

"ಅದು ದನಕ್ಕೆ ಬಳ್ದಿದ್ದು ಅನ್ನನಿಲ್ವಾ?" ಎಂದ ಚಿಕ್ಕಸ್ವಾಮಿ.

"ಅವ್ರು ಕೇಳ್ನಿಲ್ಲ."

ಚಿಕ್ಕಸ್ವಾಮಿ ಗೋಡೆಗೆ ಒರಗಿದ. ಹಸಿ ಸುಣ್ಣ ಇಸ್ತ್ರಿ ಅಂಗಿಯ ಬೆನ್ನಿಗೆಲ್ಲ ಮೆತ್ತಿಕೊಂಡಿತು. ತಲೆಯೆತ್ತಿ ನೋಡಿದರೆ ಮೇಲೆ ಎಲ್ಲಾ ಕೆಂಪು, ನೀಲಿಯ ಸುಳಿವೇ ಇರಲಿಲ್ಲ.

"ನಿಂಗೂ ಯಾರಾನಾ ಎದರಿಸುದ್ರಾ?" ಎಂದು ಆಕಾಶವನ್ನು ಕೇಳಿದ.