ದೀದಿಯ ಕೆಲಸಕ್ಕೆ ಡ್ರೈವರ್ ಬಂದ

ಎಸ್ಟೇಟಿನ ಲೈನ್‌ಮನೆಗೆ ಹೊಸ ಸಂಸಾರ ಬಂತು ಅಂದರೆ ಆ ವಾರ ಏನಾದರೊಂದು ಆಗೇ ಆಗುತ್ತದೆ. ಆಗದಿದ್ದರೆ ಅವರು ಇನ್ನೂ ಬಂದಿಲ್ಲ ಅಂತ ಅರ್ಥ.

ನಾನು ಎಸ್ಟೇಟ್ ಜೀಪಿನ ಡ್ರೈವರ್. ಓದಿದ್ದು ನಾಲ್ಕನೇ ಕ್ಲಾಸು. ನಮ್ಮನೆಯವಳು ನೆಲ್ಯಹುದಿಕೇರಿ ಕಡೆ ಅಂಗನವಾಡಿಯಲ್ಲಿ ಸಹಾಯಕಿ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕಾಫಿ ಕುಯ್ಯಲು ಬಂದವರಿಗೆ ಆಸ್ಪತ್ರೆ, ಶಾಲೆ, ರೇಷನ್ ಅಂಗಡಿ ಎಲ್ಲ ತೋರಿಸಿಕೊಡುತ್ತಿದ್ದಳು. ಅವರ ಬಾಯಲ್ಲಿ ಅವಳು ದೀದಿ. ಅದನ್ನು ಮಾಡು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಜನ ಬರುವುದು ನಿಲ್ಲಲಿಲ್ಲ.

೧. ದೀದಿ ಎಲ್ಲಿ

ಡಿಸೆಂಬರಿನಲ್ಲಿ ಅಸ್ಸಾಮಿನ ಒಂದು ಸಂಸಾರ, ಊರಿನವರಿಂದ ಕೇಳಿಕೊಂಡು, ನೇರ ನಮ್ಮ ಮನೆ ಮುಂದೆ ಬಂದು ನಿಂತಿತು. ಗಂಡ, ಹೆಂಡತಿ, ಗಂಡನ ತಾಯಿ. ಸೊಸೆಗೆ ಐದು ತಿಂಗಳು.

"ದೀದಿ ಎಲ್ಲಿ?" ಅಂದಳು ಮುದುಕಿ.

ಇಷ್ಟು ವರ್ಷ ಜೀಪ್ ಓಡಿಸಿ ಹಿಂದಿ ಸ್ವಲ್ಪ ಬರುತ್ತದೆ. ಸತ್ತಳು ಅನ್ನುವ ಮಾತೂ ಗೊತ್ತು. ಬಾಯಿಗೆ ಬರಲಿಲ್ಲ. ಕೈ ಮೇಲೆ ಮಾಡಿ ತೋರಿಸಿದೆ.

ಮೇಲೆ ಅಂದರೆ ನಮ್ಮಲ್ಲಿ ಮಡಿಕೇರಿ. ಬರುವ ದಾರಿಯಲ್ಲೇ ಅವರು ಅಷ್ಟು ಕಲಿತಿದ್ದರು. ಮೂವರೂ ಜಗಲಿ ಮೇಲೆ ಕೂತರು. ಮಡಿಕೇರಿ ಬಸ್ಸು ಬಂತು. ದೀದಿ ಇಳಿಯಲಿಲ್ಲ. ಇನ್ನೊಂದು ಬಂತು. ಮೂರನೇ ಬಸ್ಸಿಗೆ ನಾನೂ ತಲೆ ಎತ್ತಿ ನೋಡಿದೆ.

ಆಮೇಲೆ ಒಳಗೆ ಕರೆದು ಹಾರ ಹಾಕಿದ ಫೋಟೋ ತೋರಿಸಿದೆ. ಮುದುಕಿ ಸೆರಗು ತಲೆ ಮೇಲೆ ಎಳೆದುಕೊಂಡಳು.

ಯಾಕೆ ಬಂದದ್ದು ಅಂತ ಮಗ ಹೇಳಿದ. ಮೊದಲ ಮಗು ಮನೆಯಲ್ಲೇ ಹುಟ್ಟಿ ತೀರಿಹೋಗಿತ್ತು. ಈ ಸಲ ಆಸ್ಪತ್ರೆಯಲ್ಲೇ ಹೆರಿಗೆ ಆಗಲಿ ಅಂತ ಗಂಡ ಹೆಂಡತಿ ಇಬ್ಬರಿಗೂ ಆಸೆ. ಮುದುಕಿ ಒಪ್ಪುವುದಿಲ್ಲ. ಊರಿನಲ್ಲಿ ಆಸ್ಪತ್ರೆಗೆ ಹೋದ ಅವಳ ತಂಗಿ ವಾಪಸ್ ಬಂದಿರಲಿಲ್ಲ. ದೀದಿ ಜೊತೆಗಿದ್ದರೆ ನೋಡೋಣ ಅಂದಿದ್ದಳಂತೆ.

"ನಾನು ಕರ್ಕೊಂಡು ಹೋಗ್ತೀನಿ" ಅಂದೆ.

ಮುದುಕಿ ನನ್ನನ್ನು ಕಾಲಿನಿಂದ ತಲೆವರೆಗೆ ನೋಡಿದಳು. ಮಗನ ಕಡೆ ತಿರುಗಿದಳು.

"ಇನ್ನೊಂದು ಬಸ್ ನೋಡೋಣ."

೨. ಚಿಗುರು

ಮುದುಕಿ ಹುಟ್ಟಿ ಬೆಳೆದದ್ದು ಟೀ ತೋಟದಲ್ಲಿ. ಇಲ್ಲಿ ಕಾಫಿ ಕುಯ್ಯುವ ಮೊದಲ ದಿನ ಮಧ್ಯಾಹ್ನದೊಳಗೆ ಒಂದು ಚೀಲ ತುಂಬಿಸಿದಳು. ಹಳಬರಿಗೇ ಅರ್ಧ ಆಗಿರಲಿಲ್ಲ. ಲೆಕ್ಕ ಬರೆಯುವ ಎಸ್ಟೇಟಿನ ರೈಟರ್ ಖುಷಿಯಾಗಿ ಚೀಲ ಬಿಚ್ಚಿದರು. ಒಳಗೆ ಬರೀ ಎಲೆ. ಎರಡು ಎಲೆ ಒಂದು ಕುಡಿ, ಎರಡು ಎಲೆ ಒಂದು ಕುಡಿ. ಗಿಡದಲ್ಲಿ ಹಣ್ಣು ಕೆಂಪಗೆ ಹಾಗೇ ಇತ್ತು. ಒಂದೂ ಅಲುಗಿರಲಿಲ್ಲ.

ರೈಟರ್ ತಲೆ ಮೇಲೆ ಕೈ ಇಟ್ಟುಕೊಂಡರು. ಮುದುಕಿ ಸೋಲಲಿಲ್ಲ. "ಹಣ್ಣು ಹಕ್ಕಿ ತಿನ್ನೋದು. ಮನುಷ್ಯರು ಕುಡಿಯೋದು ಎಲೆ" ಅಂದಳು.

ಸಂಜೆ ಆ ಎಲೆಯನ್ನೇ ಹುರಿದು, ಉಜ್ಜಿ, ಕುದಿಸಿ ಲೋಟದಲ್ಲಿ ನನಗೆ ಕೊಟ್ಟಳು. ಲೈನಿನವರೆಲ್ಲ ಸುತ್ತ ನಿಂತು ನೋಡಿದರು.

"ಹೇಗಿದೆ, ದಾದಾ?"

"ಬಿಸಿಯಾಗಿದೆ" ಅಂದೆ.

೩. ಓಡಬಾರದು

ಹೊಸಬರಿಗೆ ಆನೆ ವಿಷಯ ಹೇಳುವುದು ನಮ್ಮನೆಯವಳ ಕೆಲಸವಾಗಿತ್ತು. ಈಗ ನಾನು ಹೋದೆ. ಬೆಳಕು ಹರಿಯುವ ಮೊದಲು ಸೌದೆಗೆ ಹೋಗಬೇಡಿ. ಆನೆ ಕಂಡರೆ ಕಿರುಚಬೇಡಿ. ಓಡಬೇಡಿ. ಸದ್ದಿಲ್ಲದೆ ಹಿಂದೆ ಸರಿಯಿರಿ.

ಮುದುಕಿ ಎಲೆಅಡಿಕೆ ಅಗಿಯುತ್ತಾ ಕೇಳಿದಳು. "ನೀನು ಆನೆ ಹತ್ತಿರದಿಂದ ನೋಡಿದ್ದೀಯಾ?"

"ಜೀಪಿನಿಂದ ನೋಡಿದ್ದೀನಿ."

"ನಮ್ಮನೆ ಅಡುಗೆಮನೆಗೆ ಬಂದು ಉಪ್ಪು ತಿಂದು ಹೋಗಿತ್ತು."

ಪಾಠ ಮುಗಿಸಿ ಎಲ್ಲರೂ ಹೊರಗೆ ಬಂದೆವು. ತೊಟ್ಟಿ ಪಕ್ಕದ ಹಲಸಿನ ಮರದ ಹತ್ತಿರ ಆನೆ ನಿಂತಿತ್ತು. ಹದಿನೈದು ಜನ ನಾನು ಹೇಳಿದಂತೆ ಸದ್ದಿಲ್ಲದೆ ಹಿಂದೆ ಸರಿದರು. ಓಡಿದವನು ನಾನೊಬ್ಬನೇ. ಚಪ್ಪಲಿ ಅಲ್ಲೇ ಬಿಟ್ಟೆ.

ಆಮೇಲೆ ಮುದುಕಿ ಮಗನಿಗೆ ಖಡಾಖಂಡಿತ ಹೇಳಿದಳು: ಈ ಓಡುವವನ ಕೈಗೆ ಸೊಸೆಯನ್ನು ಕೊಡುವುದಿಲ್ಲ. ಮುಂದೆ ಹೊಸಬರು ಬಂದಾಗ ಆನೆ ಪಾಠ ಅವಳೇ ಮಾಡಿದಳು. ನನ್ನನ್ನೂ ಕರೆಯುತ್ತಿದ್ದಳು. ಹೇಗೆ ಓಡಬಾರದು ಅಂತ ತೋರಿಸುವುದಕ್ಕೆ.

೪. ಸಂಬಂಧ

ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡ್ ಮಾಡಿಸಲೇಬೇಕು ಅಂದರು. ಕಾರ್ಡ್ ಮಾತ್ರ, ಮಲಗಿಸುವುದಿಲ್ಲ ಅಂತ ಮೂರು ಸಲ ಹೇಳಿಸಿಕೊಂಡು ಮುದುಕಿ ಜೀಪ್ ಹತ್ತಿದಳು. ಸೊಸೆಯ ಕೈ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ನರ್ಸಮ್ಮ ಕಾರ್ಡ್ ಬರೆಯುತ್ತಾ ನನ್ನನ್ನು ಕೇಳಿದರು. "ನೀವು ಇವರಿಗೆ ಏನಾಗ್ಬೇಕು?"

"ಡ್ರೈವರ್."

"ಸಂಬಂಧ ಕೇಳಿದ್ದು."

"ನಮ್ಮನೆಯವಳು ಇಂಥವರನ್ನ ಕರ್ಕೊಂಡು ಬರ್ತಿದ್ದಳು. ಈಗ ನಾನು."

"ಅವರೇನಾಗ್ಬೇಕಿತ್ತು?"

"ಏನೂ ಆಗ್ಬೇಕಿರಲಿಲ್ಲ."

ಪೆನ್ನು ನಿಂತಿತು. ಮುದುಕಿ ಏನು ಅಂತ ಕೇಳಿದಳು, ಹೇಳಿದೆ. "ಹುಡುಗಿಗೆ ತಂದೆ ಇಲ್ಲ. ಆ ಜಾಗ ಖಾಲಿ ಇದೆ. ಅಲ್ಲಿ ಬರ್ಸು" ಅಂದಳು.

ನಮಗೆ ಮಕ್ಕಳಾಗಿರಲಿಲ್ಲ. ನಾನು ಬಂದು ಜೀಪ್ ಸ್ಟಾರ್ಟ್ ಮಾಡಿದೆ.

ಮೊದಲ ತಿರುವು ದಾಟಿರಲಿಲ್ಲ. ಹಿಂದಿನ ಸೀಟಿನಿಂದ ಮುದುಕಿ ಶುರು ಮಾಡಿದಳು. "ಬೀಗ್ರೇ, ಮದುವೇಲಿ ನಿಮ್ಮ ಕಡೆಯಿಂದ ಒಂದು ಸೀರೆನೂ ಬರ್ಲಿಲ್ಲ."

೫. ಮಂಚ

ಏಪ್ರಿಲಿನ ಒಂದು ಬೆಳಿಗ್ಗೆ ಮಗ ಬಂದ. ನೋವು ಶುರುವಾಗಿದೆ, ಅಮ್ಮ ಬಾಗಿಲು ಹಾಕಿಕೊಂಡಿದ್ದಾಳೆ ಅಂದ. ಜೀಪ್ ಲೈನಿನ ಮುಂದೆ ತಂದು ನಿಲ್ಲಿಸಿ ಬಾಗಿಲು ತಟ್ಟಿದೆ.

"ಹೋಗಿ" ಅಂದಳು ಒಳಗಿನಿಂದ.

ಹೋಗಲಿಲ್ಲ. ಇಂಜಿನ್ನೂ ಆಫ್ ಮಾಡಲಿಲ್ಲ. ಸೊಸೆ ಕೂಗುವುದು ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಮುದುಕಿಯ ಮುಖ ಬಿಳಿಚಿಕೊಂಡಿತ್ತು. ಹೊಟ್ಟೆ ಮುಟ್ಟಿ ನೋಡಿದ್ದಳು. ಮಗು ಅಡ್ಡ ಇತ್ತು. ಮೊದಲನೆಯದೂ ಹಾಗೇ ಇತ್ತಂತೆ.

"ಬೀಗ್ರೇ, ಅವತ್ತು ಓಡಿದ್ರಲ್ಲ, ಹಾಗೆ ಓಡ್ಸಿ."

ಮಡಿಕೇರಿವರೆಗೆ ಒಂದು ಕೈಯಲ್ಲಿ ಸೊಸೆಯನ್ನು, ಇನ್ನೊಂದರಲ್ಲಿ ನನ್ನ ಕಾಲರನ್ನು ಹಿಡಿದಿದ್ದಳು. ಆಪರೇಷನ್ ಆಯಿತು. ಹೆಣ್ಣು ಮಗು. ಒಳಗೆ ಅದು ಜೋರಾಗಿ ಅತ್ತಿತು. ಹೊರಗೆ ಮುದುಕಿ ಅದಕ್ಕಿಂತ ಜೋರಾಗಿ.

ಏಳನೇ ದಿನ ಕರೆತರಲು ಹೋದೆ. ಗಂಡ ಹೆಂಡತಿ ಮಗುವನ್ನು ಸುತ್ತಿಕೊಂಡು ತಯಾರಾಗಿದ್ದರು. ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

"ತಾಯಿ ಮಗು ಡಿಸ್ಚಾರ್ಜ್ ಆಯ್ತು. ಅಜ್ಜಿ ಆಗ್ತಿಲ್ಲ."

ಮುದುಕಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಬಿಸಿನೀರು ಬರುತ್ತದೆ. ಬ್ರೆಡ್ಡು ಹಾಲು ಕೊಡುತ್ತಾರೆ. ಎಸ್ಟೇಟಿನ ಹಾಗೆ ಬೆಳಿಗ್ಗೆ ಏಳು ಅಂತ ಯಾರೂ ಸೀಟಿ ಊದುವುದಿಲ್ಲ. ಅದೂ ಅಲ್ಲದೆ ಈ ವಾರ್ಡಿನ ಹುಡುಗಿಯರಿಗೆ ಮಗು ಎತ್ತಿಕೊಳ್ಳಲೇ ಬರುವುದಿಲ್ಲ. ಬಿಟ್ಟು ಬರುವುದು ಹೇಗೆ?

ಪಕ್ಕದ ಮಂಚ ಖಾಲಿ ಇತ್ತು. ಬಸ್ಸಿನಲ್ಲಿ ಸೀಟಿಗೆ ಹಾಕುವ ಹಾಗೆ ಅದರ ಮೇಲೆ ಟವೆಲ್ ಹಾಸಿದ್ದಳು.

"ಅದು ನಿಮ್ಗೆ" ಅಂದಳು. "ನಿಮ್ಮನೇಲಿ ಒಂದು ಲೋಟ ಟೀ ಕೊಡೋರು ಯಾರೂ ಇಲ್ಲ. ಇಲ್ಲಿ ಹೊತ್ತಿಗೆ ಸರಿಯಾಗಿ ಊಟ ಬರುತ್ತೆ. ಮಲ್ಕೊಳ್ಳಿ."

"ಇದು ಹೆರಿಗೆ ವಾರ್ಡು, ಬೀಗಿತಿ."

"ಗೊತ್ತು."

"ಡಾಕ್ಟ್ರು ಬಂದು ಕೇಳಿದ್ರೆ?"

"ಇವ್ರಿಗಿನ್ನೂ ತಿಂಗಳು ತುಂಬಿಲ್ಲ ಅಂತೀನಿ."